ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳಿರುವ ಕಾಲೇಜು ತರಗತಿಯಲ್ಲಿ ಎಲ್ಲರಿಗೂ ತಲುಪುವಂತೆ ಪಾಠ ಮಾಡುವುದು ಹೇಗೆ?

ಮೊದಲು ನಿಮ್ಮ ಮಾತು ಕಡಿಮೆ ಮಾಡಿ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಸಂಶೋಧಕರು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬರೀ ಲೆಕ್ಚರ್ ಕೇಳಿದವರಲ್ಲಿ ಸುಮಾರು 34% ಫೇಲಾಗಿದ್ದರು. ತರಗತಿಯಲ್ಲೇ ಚರ್ಚೆ, ಲೆಕ್ಕ ಬಿಡಿಸುವುದು ಇದ್ದ ಕಡೆ ಸುಮಾರು 22%.

ಆದರೆ ಚರ್ಚೆ ಅಂದ ತಕ್ಷಣ ಬಾಯಿ ಬಿಡುವವರು ಅದೇ ನಾಲ್ಕು ಜನ, ಅಲ್ವಾ? ಸುಮ್ನೆ ಕೂತವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ದೊಡ್ಡವರ ಮುಂದೆ ಕೇಳದೆ ಮಾತಾಡಬಾರದು ಅಂತ ಬೆಳೆದಿರಬಹುದು. ಪಾಠದ ಭಾಷೆ ಮನೆಮಾತಲ್ಲದೆ, ವಾಕ್ಯ ಜೋಡಿಸಿಕೊಳ್ಳಲು ಹೊತ್ತು ಬೇಕಿರಬಹುದು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಮಾತಾಡುವವರೂ ಹೆಚ್ಚುತ್ತಾರೆ. ನನ್ನ ಕೇಳಿದರೆ ಕಾಲೇಜಿನ ಪ್ರಶ್ನೆಗೆ ಮೂರು ಸೆಕೆಂಡೂ ಸಾಲದು. ಒಂದು ನಿಮಿಷ ಬರೆಯಲು ಬಿಡಿ, ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಎಲ್ಲರಿಗೂ ಹೇಳಲಿ.

ಉದಾಹರಣೆಗಳನ್ನು ಅವರಿಂದಲೇ ತರಿಸಿ. ಒಬ್ಬರನ್ನೇ ಎಬ್ಬಿಸಿ "ನಿಮ್ಮವರಲ್ಲಿ ಇದು ಹೇಗೆ?" ಅಂತ ಮಾತ್ರ ಕೇಳಬೇಡಿ. ಅದು ಪ್ರೀತಿಯಲ್ಲ, ಮುಜುಗರ.

ಇದೆಲ್ಲ ಮಟ್ಟ ಇಳಿಸುವ ದಾರಿ ಅಂತ ಕೆಲವರು ಗೊಣಗುತ್ತಾರೆ. ಆದರೆ ವಿದ್ಯಾರ್ಥಿಗಳ ಸಂಸ್ಕೃತಿಗೆ ಹೊಂದುವ ಇಂಥ ಬೋಧನೆಗೆ 1995ರಲ್ಲಿ ಸಿದ್ಧಾಂತದ ರೂಪ ಕೊಟ್ಟ ಅಮೆರಿಕದ ಶಿಕ್ಷಣ ತಜ್ಞೆ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಮೊದಲು ಕೇಳಿದ್ದೇ ವಿದ್ಯಾರ್ಥಿ ಓದಿನಲ್ಲಿ ಗೆಲ್ಲಬೇಕು ಅಂತ. ಹಾಗಾಗಿ ಅಸೈನ್‌ಮೆಂಟ್ ಕಷ್ಟದ್ದೇ ಕೊಡಿ. ಅದು ಯಾಕೆ, ಅಂಕ ಯಾವುದಕ್ಕೆ, ಒಳ್ಳೆಯ ಉತ್ತರ ಹೇಗಿರುತ್ತದೆ ಅನ್ನುವುದನ್ನು ಮೊದಲೇ ಬರೆದು ಕೊಡಿ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇವನ್ನು ಹೇಳಿಕೊಡಲು ಬೇರೆ ಯಾರೂ ಇರುವುದಿಲ್ಲ.