ಕಡಲ ಬದಿಯ ಕಲಾವಿದರ ಮಾತು ದಾಖಲಿಸುವುದು ಹೇಗೆ?

ಕಾರವಾರದಿಂದ ಮಂಗಳೂರಿನವರೆಗಿನ ಕಡಲತೀರದ ಭಾಗವತರು (ಯಕ್ಷಗಾನದ ಹಾಡುಗಾರರು), ವೇಷಧಾರಿಗಳು, ಹಾಡುಗಾರ್ತಿಯರು, ದೋಣಿ ಕಟ್ಟುವವರನ್ನು ಮಾತನಾಡಿಸಿ ದಾಖಲಿಸಲು ಹೊರಟ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಆರಿಸಿದ್ದೇವೆ. ಧ್ವನಿಮುದ್ರಣ, ಯಕ್ಷಗಾನ ಮತ್ತು ಜಾನಪದ ದಾಖಲಾತಿಯ ಕೆಲಸ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಯಕ್ಷಗಾನ ಮೇಳದ ವೇಷಧಾರಿಯೊಬ್ಬರನ್ನು ಸಂದರ್ಶಿಸಬೇಕೆಂದಿದ್ದೇನೆ. ಬೆಳಿಗ್ಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ. ಆಸಕ್ತಿ ಇಲ್ಲವೆಂದು ತಿಳಿಯಬೇಕೇ? (ಓದುಗರು, ಕುಂದಾಪುರ)

ಉತ್ತರ: ನಿದ್ದೆಯಲ್ಲಿದ್ದಾರೆಂದು ತಿಳಿಯಿರಿ. ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನಲ್ಲಿ ಶುರುವಾಗಿ ಪತ್ತನಾಜೆಯವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ ನಡೆಯುತ್ತದೆ. ಆ ದಿನಗಳಲ್ಲಿ ಇಡೀ ರಾತ್ರಿಯ ಆಟ ಮುಗಿಸಿದವರು ಮಧ್ಯಾಹ್ನದವರೆಗೆ ಮಲಗುತ್ತಾರೆ. ಕೆಲವೇ ಗಂಟೆಗಳ ಕಾಲಮಿತಿಯ ಆಟವಾದರೂ ಮನೆ ಸೇರುವಾಗ ಎರಡು ಗಂಟೆ ದಾಟಿರುತ್ತದೆ. ಫೋನ್ ಮಾಡಬೇಕಾದ್ದು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ಒಳಗೆ. ಆಮೇಲೆ ಅವರು ಆಟದ ಊರಿಗೆ ಹೊರಡುತ್ತಾರೆ.

ಬಣ್ಣ ಹಚ್ಚುವ ಜಾಗವಾದ ಚೌಕಿಗೇ ಹೋಗಿ ಮಾತನಾಡಿಸುತ್ತೇನೆ ಎಂಬ ಯೋಚನೆ ಬೇಡ. ಬಣ್ಣ ಹಚ್ಚಿಕೊಳ್ಳುವಾಗ ಬಾಯಿ ಆಡಿಸಿದರೆ ಗೆರೆ ಕೆಡುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಗಳಿಗೆ) ಮುಖದ ಮೇಲೆ ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಉಬ್ಬು ಚುಕ್ಕಿಗಳಾದ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ನಗಿಸಿದರೂ ಬೈಸಿಕೊಳ್ಳುತ್ತೀರಿ. ಚೌಕಿಯಲ್ಲಿ ನೋಡಿ, ಬರೆದುಕೊಳ್ಳಿ, ಸಾಧ್ಯವಾದರೆ ಅನುಮತಿ ಕೇಳಿ ಚಿತ್ರ ತೆಗೆಯಿರಿ. ಚಪ್ಪಲಿ ಹೊರಗಿರಲಿ. ಅಲ್ಲಿ ದೇವರಿಗೆ ಪೂಜೆಯಾಗುತ್ತದೆ. ಪೆಟ್ಟಿಗೆಗಳ ಮೇಲೆ ಕೂರಬೇಡಿ, ಕಿರೀಟವನ್ನು ತಲೆಗಿಟ್ಟು ಸೆಲ್ಫಿ ತೆಗೆಯುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ನಿಜವಾದ ಮಾತಿಗೆ ಮಳೆಗಾಲವೇ ಸರಿಯಾದ ಕಾಲ. ಜೂನಿನಿಂದ ಅಕ್ಟೋಬರಿನವರೆಗೆ ಹೆಚ್ಚಿನವರು ಮನೆಯಲ್ಲಿ ಸಿಗುತ್ತಾರೆ. ಮಳೆಗಾಲದ ಸಣ್ಣ ತಂಡವಾದ ಚಿಕ್ಕಮೇಳದಲ್ಲಿ ಮನೆಮನೆಗೆ ಹೋಗುವವರು ಮಾತ್ರ ಸಂಜೆ ಸಿಗುವುದಿಲ್ಲ. ದೋಣಿಯ ಕೆಲಸದವರದು ಇದಕ್ಕೆ ತದ್ವಿರುದ್ಧ ಲೆಕ್ಕ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಇರುತ್ತದೆ. ದೋಣಿಗಳು ದಡಕ್ಕೆ ಬರುವುದು ಆಗ, ಹಲಗೆ ಬದಲಿಸುವ, ಬಲೆ ಸರಿಪಡಿಸುವ ಕೆಲಸ ರಾಶಿ ಬೀಳುವುದೂ ಆಗಲೇ. ಜುಲೈ ಕೊನೆಯ ವಾರ ಅವರ ಬಳಿಗೆ ಹೋದರೆ ನಿಮ್ಮ ಮುಖವನ್ನೂ ನೋಡಲಾರರು. ಜೂನ್ ಮೊದಲ ಪಕ್ಷದಲ್ಲಿ ಹೋಗಿ, ಕೆಲಸ ನಿಲ್ಲಿಸದೆ ಮಾತನಾಡಿಸಿ.

ಪ್ರಶ್ನೆ: ಹಿನ್ನೆಲೆಯಲ್ಲಿ ಅಲೆಗಳ ಸದ್ದು ಬರಲೆಂದು ಮರವಂತೆ ಕಡಲ ದಂಡೆಯಲ್ಲಿ ಕೂತು ಸಂದರ್ಶನ ಮಾಡಿದೆವು. ಕೇಳಿದರೆ ಬರೀ ಭರ್ರೆನ್ನುವ ಸದ್ದು, ಮಾತು ಮುಳುಗಿದೆ. ಸಾಫ್ಟ್‌ವೇರಿನಲ್ಲಿ ತೆಗೆಯಬಹುದೇ? (ಓದುಗರು, ಬೈಂದೂರು)

ಉತ್ತರ: ಪೂರ್ತಿ ತೆಗೆಯಲಾಗದು. ಅಲ್ಲಿ ಎರಡು ಬೇರೆ ಸದ್ದುಗಳಿವೆ, ಎರಡಕ್ಕೂ ಮದ್ದು ಬೇರೆ. ಮೊದಲನೆಯದು ಗಾಳಿ ನೇರವಾಗಿ ಮೈಕಿಗೆ ಬಡಿಯುವ ಗುಡುಗುಡು. ಇದು ಹೆಚ್ಚಾಗಿ ತಗ್ಗು ಸ್ವರದಲ್ಲಿರುತ್ತದೆ. ಮೈಕಿಗೆ ರೋಮದ ಕವಚ ಹಾಕಿ, ರೆಕಾರ್ಡರಿನಲ್ಲಿ ತಗ್ಗು ಸ್ವರ ಕತ್ತರಿಸುವ ಲೋ-ಕಟ್ ಅನ್ನು 80 ಹರ್ಟ್ಸಿಗೆ ಇಟ್ಟರೆ ಬಹಳಷ್ಟು ನಿಲ್ಲುತ್ತದೆ. ಮೈಕಿನ ಜೊತೆ ಬರುವ ಕಪ್ಪು ಸ್ಪಂಜು ಬಾಯಿಯ ಉಸಿರನ್ನಷ್ಟೇ ತಡೆಯುತ್ತದೆ, ಕಡಲ ಗಾಳಿಗೆ ಅದು ಸಾಲದು. ಎರಡನೆಯದು ಅಲೆಯ ಮೊರೆತ. ಅದು ತಗ್ಗಿನಿಂದ ತಾರದವರೆಗೆ ಎಲ್ಲ ಸ್ವರಗಳಲ್ಲೂ ಹರಡಿಕೊಂಡಿರುತ್ತದೆ. ಮಾತಿನ ‘ಸ’, ‘ಶ’, ‘ತ’ಗಳೂ ಅದೇ ಜಾಗದಲ್ಲಿವೆ. ಸಾಫ್ಟ್‌ವೇರು ಮೊರೆತ ಕತ್ತರಿಸಲು ಹೋಗಿ ಅಕ್ಷರಗಳನ್ನೇ ಕತ್ತರಿಸುತ್ತದೆ, ಮಾತು ಕೊಡದೊಳಗಿಂದ ಬಂದಂತಾಗುತ್ತದೆ.

ಇನ್ನು ಸ್ವಲ್ಪ ಹಿಂದೆ ಕೂತರೆ ಆಯಿತಲ್ಲ ಎನ್ನಬಹುದು. ಅಲೆ ಒಂದೇ ಕಡೆಯಿಂದ ಮೊರೆಯುವುದಿಲ್ಲ, ಉದ್ದಕ್ಕೂ ಗೆರೆಯಾಗಿ ಮೊರೆಯುತ್ತದೆ. ಹಾಗಾಗಿ ನೀರಿನಿಂದ 50 ಮೀಟರ್ ಇದ್ದವರು 100 ಮೀಟರಿಗೆ ಸರಿದರೂ ಸದ್ದು ಸುಮಾರು 3 ಡೆಸಿಬಲ್ ಮಾತ್ರ ತಗ್ಗೀತು. ಅದರ ಬದಲು ಮೈಕನ್ನು ಬಾಯಿಯ ಹತ್ತಿರ ತನ್ನಿ. ಈ ದೂರ ಅರ್ಧವಾದಾಗಲೆಲ್ಲ ಮಾತು ಸುಮಾರು 6 ಡೆಸಿಬಲ್ ಏರುತ್ತದೆ. 60 ಸೆಂಟಿಮೀಟರಿನಲ್ಲಿದ್ದ ಮೈಕ್ 15ಕ್ಕೆ ಬಂದರೆ 12 ಡೆಸಿಬಲ್ ಲಾಭ. ಅಂಗಿಗೆ ಸಿಕ್ಕಿಸುವ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಹಾಕಿ. ಸೆರಗು, ಶಾಲು, ಕರಿಮಣಿ ಉಜ್ಜದಂತೆ ನೋಡಿ. ವಯರನ್ನು ಒಂದು ಸುತ್ತು ಸುತ್ತಿ ಟೇಪ್ ಹಚ್ಚಿದರೆ ಎಳೆದಾಟದ ಸದ್ದು ಬರುವುದಿಲ್ಲ.

ಎಲ್ಲಕ್ಕಿಂತ ಸುಲಭವಾದ ಉಪಾಯ ಮನೆಯ ಹಿಂಬದಿ. ಕಡಲಿಗೂ ನಿಮಗೂ ನಡುವೆ ಒಂದು ಗೋಡೆ ಇರಲಿ. ಕಡಲಗಾಳಿ ಬೆಳಿಗ್ಗೆ ಹತ್ತರ ನಂತರ ಏರುತ್ತಾ ಮಧ್ಯಾಹ್ನ ಜೋರಾಗುತ್ತದೆ. ಆರೂವರೆಯಿಂದ ಒಂಬತ್ತರವರೆಗೆ ಶಾಂತ. ಕಾಗೆಗಳ ಕೂಗು ಮಾತ್ರ ಆಗಲೂ ತಪ್ಪದು. ಒಳಗೆ ಕೂತಾಗ ಫ್ಯಾನ್, ಫ್ರಿಜ್ ಆರಿಸಲು ಕೇಳಿ. ಫ್ರಿಜ್ ಮತ್ತೆ ಹಾಕಲು ಮರೆತರೆ ಮನೆಯವರ ಮೀನು ಹಾಳು, ನಿಮ್ಮ ಮರ್ಯಾದೆಯೂ ಹಾಳು. ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ, ಮರೆತು ಹೊರಡಲು ಸಾಧ್ಯವೇ ಇಲ್ಲ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಮುದ್ರಣ ಬೇಡ. ಹೆಂಚಿನ ಮಾಡು ಎಷ್ಟೋ ವಾಸಿ. ಕೊಂಕಣ ರೈಲು ಹಾದುಹೋಗುವ ಊರಾದರೆ ರೈಲು ದಾಟುವವರೆಗೆ ಕಾದು, ಆ ಪ್ರಶ್ನೆಯನ್ನು ಮತ್ತೆ ಕೇಳಿ.

ಅಲೆಯ ಸದ್ದು ಬೇಕೇಬೇಕು ಎನಿಸಿದರೆ ಸಂದರ್ಶನ ಮುಗಿದ ಮೇಲೆ ದಂಡೆಗೆ ಹೋಗಿ ಯಾರೂ ಮಾತನಾಡದೆ ಮೂರು ನಿಮಿಷ ಬೇರೆಯಾಗಿ ಹಿಡಿಯಿರಿ. ಆಮೇಲೆ ಬೇಕಾದಷ್ಟೇ ಬೆರೆಸಬಹುದು. ದಂಡೆ ಇರುವುದು ಫೋಟೋಕ್ಕೆ, ಮಾತಿಗಲ್ಲ.

ಪ್ರಶ್ನೆ: ‘ನಿಮ್ಮ ಕಲೆಯ ಬಗ್ಗೆ ಹೇಳಿ’ ಎಂದರೆ ಎಲ್ಲರೂ ಸನ್ಮಾನದ ಭಾಷಣದ ಹಾಗೆ ಮಾತನಾಡುತ್ತಾರೆ. ಒಳಗಿನ ಮಾತು ಬರುವಂತೆ ಏನು ಕೇಳಬೇಕು? (ಓದುಗರು, ಹೊನ್ನಾವರ)

ಉತ್ತರ: ಸನ್ಮಾನದ ಪ್ರಶ್ನೆ ಕೇಳಿದರೆ ಸನ್ಮಾನದ ಉತ್ತರವೇ ಬರುತ್ತದೆ. ಕೈಗೆ ವಸ್ತು ಕೊಟ್ಟು ಕೇಳಿ. ವೇಷಧಾರಿಯ ಮುಂದೆ ಮುಂಡಾಸಿನ ಬಟ್ಟೆ ಇದ್ದರೆ ‘ಕೇದಗೆ ಮುಂದಲೆ ಕಟ್ಟುವಾಗ ಮೊದಲ ಸುತ್ತು ಎಲ್ಲಿಂದ? ಬಿಗಿ ಹೆಚ್ಚಾದರೆ ಎಲ್ಲಿ ನೋಯುತ್ತದೆ? ಕುಣಿತದ ನಡುವೆ ಸಡಿಲವಾದರೆ ಏನು ಮಾಡುತ್ತೀರಿ?’ ಎನ್ನಿ. ಭಾಗವತರಿಗೆ ‘ನಿಮ್ಮ ಶ್ರುತಿ ಎಷ್ಟು? ಮೊದಲು ಕಪ್ಪು ಮೂರರಲ್ಲಿ (ಹಾರ್ಮೋನಿಯಮ್ಮಿನ ಮೂರನೆಯ ಕಪ್ಪು ಮನೆ) ಹಾಡುತ್ತಿದ್ದಿರಾ, ಈಗ ಇಳಿಸಿದ್ದೀರಾ? ಯಾವ ಪದ್ಯಕ್ಕೆ ಕಷ್ಟವಾಗಿ ಇಳಿಸಿದಿರಿ?’ ಎಂದು ಕೇಳಿ. ಇಳಿಸಿದ ಶ್ರುತಿಯ ಸುತ್ತ ವಯಸ್ಸು, ಮೈಕು, ನಿದ್ದೆಗೇಡು, ಜೊತೆಯ ಮದ್ದಲೆಗಾರರು ಎಲ್ಲ ತಾವಾಗಿ ಬರುತ್ತವೆ. ಪ್ರಸಂಗದ ಹಳೆಯ ಪುಸ್ತಕ ಮನೆಯಲ್ಲಿದ್ದರೆ ತೆರೆಯಲು ಹೇಳಿ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಾಳದ ಗುರುತು, ಹೊಡೆದು ಹಾಕಿದ ಪದ್ಯಗಳ ಬಗ್ಗೆ ಕೇಳಿದರೆ ಒಂದು ಗಂಟೆಯ ಮಾತು ಸಿಗುತ್ತದೆ.

ದೋಣಿಯ ಕೆಲಸದವರಿಗೆ ಮರದ ಪ್ರಶ್ನೆ ಕೇಳಿ: ಈ ಹಲಗೆಗೆ ಇದೇ ಮರ ಯಾಕೆ, ಬಾಗಿಸುವುದು ಹೇಗೆ, ಸಂದು ಮುಚ್ಚಲು ಏನು ತುಂಬುತ್ತೀರಿ, ಫೈಬರ್ ಬಂದ ಮೇಲೆ ಯಾವ ಉಳಿ ಮೂಲೆ ಸೇರಿತು. ಉತ್ತರ ಕನ್ನಡದ ದೇವಸ್ಥಾನಗಳಲ್ಲಿ ಉಳಿದಿರುವ ಕಾವಿ ಚಿತ್ರದ (ಸುಣ್ಣದ ಗೋಡೆಯ ಕೆಂಪು ಪದರವನ್ನು ಕೆರೆದು ಬಿಡಿಸುವ ಚಿತ್ರ) ಕೆಲಸ ಬಲ್ಲವರು ಸಿಕ್ಕರೆ ಸುಣ್ಣ ಎಷ್ಟು ದಿನ ನೆನೆಯಬೇಕು, ಕೆಂಪು ಪದರ ಎಷ್ಟು ಆರಿದಾಗ ಕೆರೆಯಬೇಕು ಎಂಬಲ್ಲಿಂದ ಹೊರಡಿ. ಪದರ ಹಸಿಯಿದ್ದರೆ ಗೆರೆಯ ಅಂಚು ಕುಸಿಯುತ್ತದೆ, ಪೂರ್ತಿ ಒಣಗಿದರೆ ಚಕ್ಕೆ ಏಳುತ್ತದೆ. ಅವರ ಜಾಣ್ಮೆ ಇರುವುದು ಈ ಎರಡರ ನಡುವಿನ ಹೊತ್ತನ್ನು ಹಿಡಿಯುವುದರಲ್ಲಿ.

ಕರೆಯುವುದು ಊರಿನ ರೀತಿಯಲ್ಲೇ ಇರಲಿ. ಭಾಗವತ್ರೇ, ಆಚಾರ್ರೇ, ಅಜ್ಜಿ, ಅಣ್ಣ. ‘ಸರ್, ಮೇಡಂ’ ಎಂದ ಕೂಡಲೇ ಎದುರಿನವರು ನೆಟ್ಟಗೆ ಕೂರುತ್ತಾರೆ, ಭಾಷಣ ಶುರುವಾಗುತ್ತದೆ. ಅವರು ನಿಲ್ಲಿಸಿದ ಮೇಲೆ ಐದು ಸೆಕೆಂಡು ಸುಮ್ಮನಿರಿ. ತಲೆಯಾಡಿಸಿ ಸಾಕು, ‘ಹೂಂ, ಹೌದಾ’ ಬೇಡ. ಅದೆಲ್ಲ ಮುದ್ರಣದಲ್ಲಿ ಅವರ ಮಾತಿನ ಮೇಲೆ ಕೂರುತ್ತದೆ. ಒಂದು ಬೈಠಕ್ ಒಂದೂವರೆ ಗಂಟೆ ಮೀರದಿರಲಿ. ಎರಡನೆಯ ಸಲ ಹೋದಾಗ ಬರುವ ಮಾತೇ ಬೇರೆ.

ಪ್ರಶ್ನೆ: ಮಾತಿನ ನಡುವೆ ಚಂಡೆ ಬಾರಿಸಿ ತೋರಿಸಿದರು. ಆ ಭಾಗವೆಲ್ಲ ಒಡೆದುಹೋಗಿದೆ. 32 ಬಿಟ್ ಫ್ಲೋಟ್ ರೆಕಾರ್ಡರ್ ಕೊಂಡರೆ ಸರಿಹೋಗುತ್ತದೆಯೇ? (ಓದುಗರು, ಉಡುಪಿ)

ಉತ್ತರ: ಅರ್ಧ ಮಾತ್ರ. ಫ್ಲೋಟ್ ರೆಕಾರ್ಡರು ತನ್ನೊಳಗೆ ಸದ್ದು ಒಡೆಯದಂತೆ ನೋಡಿಕೊಳ್ಳುತ್ತದೆ. ಒಂದು ಗೇಣು ದೂರದಲ್ಲಿ ಚಂಡೆ ಮೊಳಗಿದಾಗ ಮೈಕಿನ ಒಳಭಾಗವೇ ಸೋತರೆ ಯಾವ ರೆಕಾರ್ಡರೂ ಕಾಪಾಡದು. ಮಾತಿಗೆ ಒಂದು ಮೈಕ್, ಚಂಡೆಗೆ ಎರಡರಿಂದ ಮೂರು ಮೀಟರ್ ದೂರದಲ್ಲಿ ಇನ್ನೊಂದು ಮೈಕ್ ಇಡಿ. ಬಿಡ್ತಿಗೆ ಎಂಬ ಬಡಿತದ ಭಾಗವನ್ನು ಅತ್ಯಂತ ಜೋರಾಗಿ ಬಾರಿಸಲು ಹೇಳಿ ಮೊದಲು ಪರೀಕ್ಷಿಸಿ, ಆಗ ರೆಕಾರ್ಡರಿನ ಮುಳ್ಳು ಮೈನಸ್ 12 ಡೆಸಿಬಲ್ ದಾಟಬಾರದು. ಸ್ವಯಂಚಾಲಿತ ಲೆವೆಲ್ ಅನ್ನು ಖಂಡಿತ ಆಫ್ ಮಾಡಿ. ಇಲ್ಲವಾದರೆ ಒಂದು ಪೆಟ್ಟು ಬಿದ್ದ ಮೇಲೆ ಮಾತು ತಗ್ಗಿ, ನಿಧಾನವಾಗಿ ಮೇಲೇಳುತ್ತದೆ. ಫೋನಿನಲ್ಲಿ ಹಿಡಿಯುವವರು ‘ಸದ್ದು ತಗ್ಗಿಸುವ’ ಆಯ್ಕೆಯನ್ನೂ ಆಫ್ ಮಾಡಬೇಕು. ಅದು ಶ್ರುತಿಪೆಟ್ಟಿಗೆಯ ಎಡೆಬಿಡದ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ!

ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ. ಬಿಸಿ ತೋರಿಸಿ ಶ್ರುತಿಗೆ ಕೂಡಿಸಲು ಅವರಿಗೆ ಅರ್ಧ ಗಂಟೆ ಬಿಡಿ. ಆ ಅರ್ಧ ಗಂಟೆಯನ್ನೂ ಮುದ್ರಿಸಿಕೊಳ್ಳಿ.

ಪ್ರಶ್ನೆ: ಪಾಡ್ದನ ಹಾಡುವವರು, ಗುಮಟೆ ಬಾರಿಸುವವರನ್ನು ಮುದ್ರಿಸುವಾಗ ಏನು ಎಚ್ಚರ ಬೇಕು? (ಓದುಗರು, ಅಂಕೋಲಾ)

ಉತ್ತರ: ತುಳುವಿನ ಕಥನ ಹಾಡುಗಳಾದ ಪಾಡ್ದನದಲ್ಲಿ ಎರಡು ಬಗೆ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಹಾಡುವುದನ್ನು ಅನುಮತಿ ಕೇಳಿ ಮುದ್ರಿಸಬಹುದು. ಭೂತಾರಾಧನೆಯ ಕೋಲದಲ್ಲಿ ಹೇಳುವುದನ್ನು ಮನೆಯ ಜಗಲಿಯಲ್ಲಿ ಹೇಳಲು ಒತ್ತಾಯಿಸಬೇಡಿ. ಯಾವ ಭಾಗವನ್ನು ಹೊರಗೆ ಹೇಳಬಾರದು ಎಂಬುದು ಅವರಿಗೆ ಗೊತ್ತು, ‘ಇಷ್ಟು ಸಾಕು’ ಎಂದರೆ ಅಲ್ಲಿಗೆ ನಿಲ್ಲಿಸಿ. ಕ್ಯಾಮೆರಾಕ್ಕಾಗಿ ವೇಷ ಕಟ್ಟಿ ಎನ್ನುವುದಂತೂ ಕೂಡದು.

ಗುಮಟೆಯದು ಬೇರೆ ತೊಡಕು. ಮಣ್ಣಿನ ಗಡಿಗೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಅದರ ಚರ್ಮ ಇಟ್ಟುಕೊಳ್ಳುವುದೂ ಅಪರಾಧ. ಈಗ ಆಡಿನ ಚರ್ಮ ಬಳಸುವವರಿದ್ದಾರೆ. ಅಜ್ಜನ ಕಾಲದ ಗುಮಟೆಯನ್ನು ಹೆಮ್ಮೆಯಿಂದ ತೋರಿಸಿದರೆಂದು ಹೆಸರು, ಮನೆ ಸಮೇತ ವಿಡಿಯೋ ಹಾಕಿದರೆ ತೊಂದರೆಗೆ ಸಿಲುಕುವವರು ಅವರು, ನೀವಲ್ಲ. ನಾದ ಹೇಗೆ ಬದಲಾಯಿತು ಎಂಬ ಮಾತನ್ನು ಉಳಿಸಿಕೊಂಡು ಗುರುತು ಸಿಗುವ ಭಾಗ ಬಿಡಿ. ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಹಾಲಕ್ಕಿ ಕೇರಿಗಳಿಗೆ ಮೈಕು ಹಿಡಿದು ಹೋಗುವವರಿಗೇನೂ ಕಡಿಮೆಯಿಲ್ಲ. ಮುದ್ರಿಸಿದ್ದನ್ನು ಹಾಡಿದವರಿಗೆ ಮರಳಿ ಕೇಳಿಸುವವರು ಮಾತ್ರ ಕಡಿಮೆ.

ಪ್ರಶ್ನೆ: ಕ್ಯಾಮೆರಾ ಲೆನ್ಸಿನಲ್ಲಿ ಬೂಷ್ಟು ಬಂದಿದೆ. ತಡೆಯುವುದು ಹೇಗೆ? (ಓದುಗರು, ಸುರತ್ಕಲ್)

ಉತ್ತರ: ಗಾಳಿ ಬಿಗಿಯಾದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ತೇವಮಾಪಕ. ಮುಳ್ಳು ಶೇ. 45–50ರಲ್ಲಿರಲಿ. ಬಣ್ಣ ಬದಲಾದ ಜೆಲ್ಲನ್ನು 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಬೂಷ್ಟು ಖಚಿತ. ಉಪ್ಪುಗಾಳಿ ಕೂತ ಕ್ಯಾಮೆರಾವನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ತುಸು ಒದ್ದೆ ಮಾಡಿದ ಬಟ್ಟೆಯಿಂದ ಮೈಯನ್ನಷ್ಟೇ ಒರೆಸಿ, ಆಮೇಲೆ ಒಣ ಬಟ್ಟೆ. ಎ.ಸಿ. ಕಾರಿನಿಂದ ಇಳಿದ ಮೇಲೆ ಅರ್ಧ ಗಂಟೆ ಚೀಲ ತೆರೆಯಬೇಡಿ.

ಪ್ರಶ್ನೆ: ಒಪ್ಪಿಗೆ, ಸಂಭಾವನೆ, ಬರಹಕ್ಕಿಳಿಸುವುದು, ಕಾಪಿಡುವುದು, ಇದಕ್ಕೆಲ್ಲ ಏನು ಕ್ರಮ? (ಓದುಗರು, ಕುಮಟಾ)

ಉತ್ತರ: ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೆ ಅವರದೇ ಆದ ಹಕ್ಕು 50 ವರ್ಷ ಇದೆ. ಹಾಡಿದ್ದನ್ನು, ಬಾರಿಸಿದ್ದನ್ನು ಯೂಟ್ಯೂಬಿಗೆ ಹಾಕುವ ಮುನ್ನ ಒಪ್ಪಿಗೆ ಬೇಕು. ಕಾಗದ ಒಂದೇ ಪುಟ, ಸರಳ ಕನ್ನಡದಲ್ಲಿರಲಿ: ಎಲ್ಲಿ ಬಳಸುತ್ತೇವೆ, ದುಡ್ಡು ಬಂದರೆ ಏನು, ಯಾವ ಭಾಗ ಬಿಡಬೇಕು. ಓದಲು ಬಾರದವರಿಗೆ ಓದಿ ಹೇಳಿ, ಅವರ ‘ಆಯ್ತು’ ಅನ್ನು ಮೈಕಿನಲ್ಲೇ ಹಿಡಿಯಿರಿ. ಸಂಭಾವನೆಯನ್ನು ಮೊದಲೇ ಮಾತಾಡಿ. ಕೂಲಿ ಬಿಟ್ಟು ಕೂತವರಿಗೆ ಆ ದಿನದ ಕೂಲಿಯಾದರೂ ಸಿಗಬೇಕು. ಶಾಲು, ಹಾರದಿಂದ ಅಕ್ಕಿ ಬರುವುದಿಲ್ಲ.

ಕುಂದಗನ್ನಡ (ಕುಂದಾಪುರ ಸೀಮೆಯ ಕನ್ನಡ), ತುಳು, ಕೊಂಕಣಿ ಬೆರೆತ ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಆರೆಂಟು ಗಂಟೆ ಇಟ್ಟುಕೊಳ್ಳಿ. ತಾನಾಗಿ ಟೈಪ್ ಮಾಡುವ ಆ್ಯಪ್‌ಗಳು ಕುಂದಗನ್ನಡದಲ್ಲಿ ಮುಗ್ಗರಿಸುತ್ತವೆ. ‘ಮಾಡ್ಕ್’ ಎಂದದ್ದನ್ನು ‘ಮಾಡಬೇಕು’ ಎಂದು ತಿದ್ದಬೇಡಿ. ಗೊತ್ತಾಗದ ಕಸುಬಿನ ಮಾತು ಬಂದರೆ ನಿಮಿಷ-ಸೆಕೆಂಡು ಗುರುತು ಹಾಕಿ, ಮತ್ತೆ ಫೋನ್ ಮಾಡಿ ಕೇಳಿ. ಮಧ್ಯಾಹ್ನ ಮೂರರ ನಂತರ.

ಮೂಲ ಕಡತ 48 ಕಿಲೋಹರ್ಟ್ಸ್, 24 ಬಿಟ್‌ನ, ಕುಗ್ಗಿಸದ ವೇವ್ (WAV) ಕಡತವಾಗಿರಲಿ. ಒಂದೇ ಚಾನೆಲ್ಲಾದರೆ ಗಂಟೆಗೆ ಸುಮಾರು 520 ಎಂಬಿ. ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ಕಳುಹಿಸಿದ್ದು ಕುಗ್ಗಿದ ಪ್ರತಿ, ಅದನ್ನು ಮೂಲವೆಂದು ಇಡಬೇಡಿ. ಎರಡು ಹಾರ್ಡ್ ಡಿಸ್ಕ್ ಬೇಕು, ಒಂದು ಕರಾವಳಿಯ ತೇವದಿಂದ ದೂರ, ಬೇರೆ ಊರಿನಲ್ಲಿರಲಿ. ಕಡತದ ಹೆಸರಲ್ಲೇ ದಿನಾಂಕ, ಊರು, ಕಲೆ ಬರಲಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಗೆ ಪ್ರತಿ ಕೊಡುವ ಯೋಚನೆಯಿದ್ದರೆ ಒಪ್ಪಿಗೆ ಪತ್ರದಲ್ಲಿ ಆ ಸಾಲನ್ನು ಮೊದಲೇ ಸೇರಿಸಿ. ಕಲಾವಿದರ ಮನೆಗೆ ಪೆನ್ ಡ್ರೈವ್ ಕೊಟ್ಟು ಬರುವಾಗ ಅದನ್ನು ಹಾಕಿ ಕೇಳಲು ಅವರ ಬಳಿ ಏನಿದೆ ಎಂದು ನೋಡಿ. ಟಿವಿ ಇದ್ದರೆ ಎಂಪಿ3 ಪ್ರತಿ ಸಾಕು, ಹಾಕಿ ತೋರಿಸಿಯೇ ಹೊರಡಿ.