ದೊಡ್ಡಿ ಮಣ್ಣು ಟೆಸ್ಟ್ ಮಾಡಿಸಿದರೆ ಜೋನ್ಸ್ ಕಾಯಿಲೆ ಗೊತ್ತಾಗುತ್ತಾ?

ಕುಷ್ಟಗಿ ಕಡೆಯವರು ಅಂದಿರಿ. 40 ಕುರಿ, ಎರಡು ಎಮ್ಮೆ. ನಾಲ್ಕು ಕುರಿ ಹೊಟ್ಟೆ ತುಂಬ ಮೇದರೂ ಒಣಗುತ್ತಿವೆ, ಜಂತಿನ ಔಷಧಿ ಎರಡು ಸಲ ಕುಡಿಸಿದರೂ ಗುಣ ಇಲ್ಲ. ಡಾಕ್ಟರು ಜೋನ್ಸ್ ಕಾಯಿಲೆ (ಮೈಕೋಬ್ಯಾಕ್ಟೀರಿಯಾ ಜಾತಿಯ ಒಂದು ಬ್ಯಾಕ್ಟೀರಿಯಾದಿಂದ ಕರುಳಿಗೆ ಬರುವ ರೋಗ) ಇರಬಹುದು ಅಂದಿದ್ದಾರೆ. ದೊಡ್ಡಿಯ ಮಣ್ಣು, ತೊಟ್ಟಿಯ ನೀರು ಲ್ಯಾಬಿಗೆ ಕಳಿಸಲಾ ಅಂತ ನಿಮ್ಮ ಪ್ರಶ್ನೆ. ನಾನು ರಾಯಚೂರು ಕಡೆ ಪಶು ಲ್ಯಾಬಿನಲ್ಲಿ ಒಂಬತ್ತು ವರ್ಷ ಟೆಕ್ನಿಷಿಯನ್ ಆಗಿದ್ದವನು. ಮಣ್ಣು ಬೇಡ, ಹಿಕ್ಕೆ ಕಳಿಸಿ. ನೀರಂತೂ ಬೇಡವೇ ಬೇಡ.

ಮೈಕೋಬ್ಯಾಕ್ಟೀರಿಯಾ ಅಂದರೆ ದೊಡ್ಡ ಬಳಗ. ಜೋನ್ಸ್ ತರುವುದು, ದನದ ಟಿಬಿ ತರುವುದು ಅದರಲ್ಲಿ ಕೆಲವು ಮಾತ್ರ. ಉಳಿದವು ಬಹಳಷ್ಟು ಮಣ್ಣು, ಕೆರೆ, ನಲ್ಲಿ ಪೈಪಿನಲ್ಲಿ ತಮ್ಮ ಪಾಡಿಗೆ ಇರುತ್ತವೆ. ಎಲ್ಲದರ ಮೈಮೇಲೂ ಮೇಣದಂಥ ಪದರ ಇರುತ್ತದೆ. ಸ್ಲೈಡಿಗೆ ಕೆಂಪು ಬಣ್ಣ ಹಾಕಿ, ಹಬೆ ಏಳುವ ತನಕ ಕೆಳಗಿನಿಂದ ಬಿಸಿ ಕೊಟ್ಟು, ಆಮೇಲೆ ಆಸಿಡ್ ಸುರಿದರೆ ಬೇರೆ ಬ್ಯಾಕ್ಟೀರಿಯಾಗಳ ಬಣ್ಣ ಹೋಗುತ್ತದೆ, ಇವುಗಳದ್ದು ಹೋಗುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಆದರೆ ಅದು ರೋಗದ್ದಾ, ಸುಮ್ನೆ ನೀರಿನದ್ದಾ ಅಂತ ಬರೀ ಬಣ್ಣ ಹೇಳುವುದಿಲ್ಲ.

ಒಂದು ಬೇಸಿಗೆಯಲ್ಲಿ ಒಂದೇ ಹಿಂಡಿನ ಆರು ಕುರಿಗಳ ಹಿಕ್ಕೆ ಬಂದಿತ್ತು. ಆರೂ ಸ್ಲೈಡಿನಲ್ಲಿ ಕೆಂಪು ಕಡ್ಡಿ! ರಿಪೋರ್ಟ್ ಬರೆಯಲು ಕೂತಿದ್ದೆ. ಜೊತೆಯಲ್ಲೇ ಬಣ್ಣ ಹಾಕಿದ್ದ ಒಂದು ಖಾಲಿ ಸ್ಲೈಡ್ ಇತ್ತು, ಅದನ್ನೂ ನೋಡಿಬಿಡೋಣ ಅಂತ ಇಟ್ಟೆ. ಅದರಲ್ಲೂ ಕಡ್ಡಿ ಇದ್ದವು. ಮೇಲೆ ಹತ್ತಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೋಡೆಗೆ ಕೈ ಆಡಿಸಿದೆ. ಬೆರಳಿಗೆ ಲೋಳೆ ಹತ್ತಿತು. ನಾವು ಸ್ಲೈಡ್ ತೊಳೆಯುತ್ತಿದ್ದದ್ದು ಅದೇ ನೀರಿನಲ್ಲಿ. ಹೊಸ ಡಿಸ್ಟಿಲ್ಡ್ ವಾಟರ್ ತಂದು ಮೊದಲಿನಿಂದ ಮಾಡಿದಾಗ ಎರಡೇ ಕುರಿಯಲ್ಲಿ ಉಳಿದವು: ಗಿಡ್ಡ ಕಡ್ಡಿ, ಗುಂಪು ಗುಂಪಾಗಿ, ಜೋನ್ಸ್‌ನಲ್ಲಿ ಕಾಣುವ ಹಾಗೆ. ಆ ಮೊದಲ ರಿಪೋರ್ಟ್ ಹೋಗಿದ್ದರೆ ಆ ಮನುಷ್ಯ ಆರೂ ಕುರಿ ಕಳೆದುಕೊಳ್ಳುತ್ತಿದ್ದ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಾಗಿ ನಾಲ್ಕೂ ಕುರಿಗಳ ಹಿಕ್ಕೆಯನ್ನು ಗ್ಲೌಸ್ ಹಾಕಿಕೊಂಡು ಗುದದಿಂದಲೇ ತೆಗೆಯಿರಿ. ನೆಲದ್ದು ಬೇಡ. ಒಂದೊಂದನ್ನೂ ಬೇರೆ ಡಬ್ಬಿಗೆ ಹಾಕಿ, ಕುರಿಯ ಗುರುತು ಬರೆದು, ಐಸ್ ಬಾಕ್ಸಿನಲ್ಲಿಡಿ. ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರ ಪತ್ರದ ಜೊತೆ ಕಳಿಸಿ, ಪಿಸಿಆರ್ ಮಾಡಿಸಿ ಅಂತ ಕೇಳಿ. ಐಎಸ್ 900 ಅನ್ನುವ ಡಿಎನ್‌ಎ ತುಣುಕನ್ನು ಹುಡುಕುವ ಪರೀಕ್ಷೆ ಅದು. ಬಳಗದಲ್ಲಿ ಜೋನ್ಸ್‌ನದ್ದನ್ನು ಬೇರೆ ಮಾಡಿ ತೋರಿಸುವುದು ಅದೇ. ಕಲ್ಚರ್ ಮಾಡಿದರೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರೆ, ಎರಡು-ಮೂರು ತಿಂಗಳು ಬೇಕು, ಕುರಿಗೆ ಬರುವ ಬಗೆ ಇನ್ನೂ ನಿಧಾನ. ಅಲ್ಲಿಯವರೆಗೆ ಕಾಯಬೇಡಿ.

ನೆಗೆಟಿವ್ ಬಂದರೆ ಹಿಂಡು ಪಾರಾಯಿತು ಅಂದುಕೊಳ್ಳಬೇಡಿ. ಮರಿಯಿದ್ದಾಗ ಅಂಟಿದ್ದು ಒಣಗುವುದಾಗಿ ಕಾಣಲು ಒಂದೆರಡು ವರ್ಷ ಹಿಡಿಯುತ್ತದೆ. ರೋಗ ಇದ್ದ ಕುರಿಯೂ ಹಿಕ್ಕೆಯಲ್ಲಿ ದಿನಾ ಬ್ಯಾಕ್ಟೀರಿಯಾ ಬಿಡುವುದಿಲ್ಲ. ಬಡಕಲಾದ ಕುರಿ ಸತ್ತರೆ ಹೂಳುವ ಮೊದಲು ಡಾಕ್ಟರನ್ನು ಕರೆಸಿ ಪೋಸ್ಟ್‌ಮಾರ್ಟಂ ಮಾಡಿಸಿ. ಸಣ್ಣ ಕರುಳಿನ ಕೊನೆಯ ತುಂಡು, ಅದರ ಪಕ್ಕದ ಗಂಟು (ಲಿಂಫ್ ಗ್ರಂಥಿ), ಎರಡೂ ಬೇಕು. ಅರ್ಧ ಫಾರ್ಮಲಿನ್‌ನಲ್ಲಿ, ಅರ್ಧ ಐಸಿನಲ್ಲಿ. ಹತ್ತು ಹಿಕ್ಕೆ ಹೇಳದ್ದನ್ನು ಆ ಒಂದು ತುಂಡು ಹೇಳಬಹುದು.

ಇನ್ನೊಂದು ಮಾತು. ಸುಗ್ಗಿ ಮುಗಿದ ಮೇಲೆ ಗಂಗಾವತಿ, ಸಿಂಧನೂರು ಕಡೆ ಕಾಲುವೆ ಬಯಲಿಗೆ ಹಿಂಡು ಹೊಡೆದಿದ್ದಿರಾ? ಹಾಗಿದ್ದರೆ ಲಿವರ್ ಹುಳು ಇರಬಹುದು. ಬಸವನಹುಳುವಿನಿಂದ ಬರುವಂಥದ್ದು, ಕುರಿ ಹೀಗೇ ಒಣಗುತ್ತದೆ, ಗದ್ದದ ಕೆಳಗೆ ಬಾವು ಬರುತ್ತದೆ. ಎಲ್ಲ ಜಂತಿನ ಔಷಧಿಗೂ ಅದು ಸಾಯುವುದಿಲ್ಲ. ಅದೇ ಹಿಕ್ಕೆಯಲ್ಲಿ ಮೊಟ್ಟೆ ಇದೆಯಾ ನೋಡಿಸಿ, ಖರ್ಚು ಕಡಿಮೆ.

ಎಮ್ಮೆಗೆ ಟಿಬಿ ಟೆಸ್ಟ್ ಮಾಡಿಸುವುದಾದರೆ ಅದರ ಕುತ್ತಿಗೆಯಲ್ಲಿ ಎರಡು ಕಡೆ ಟ್ಯೂಬರ್ಕುಲಿನ್ (ಟಿಬಿ ಪರೀಕ್ಷೆಯ ದ್ರವ) ಚುಚ್ಚಿಸಿ, ಒಂದು ದನದ ಟಿಬಿಯದ್ದು, ಇನ್ನೊಂದು ಹಕ್ಕಿಯ ಟಿಬಿಯದ್ದು. 72 ಗಂಟೆ ಬಿಟ್ಟು ಡಾಕ್ಟರು ಚರ್ಮದ ದಪ್ಪ ಅಳೆದು ಹೋಲಿಸುತ್ತಾರೆ. ಒಂದೇ ಚುಚ್ಚಿದರೆ, ಮಣ್ಣು-ನೀರಿನ ಬಳಗ ಮುಟ್ಟಿದ ಎಮ್ಮೆಯೂ ಊದಿಕೊಂಡು ಮೋಸ ಆಗಬಹುದು. ಹಾಲು ಮಾತ್ರ ಕಾಯಿಸದೆ ಕುಡಿಯಬೇಡಿ.

ರಿಪೋರ್ಟ್ ಬರುವವರೆಗೆ ಆ ನಾಲ್ಕನ್ನು ಬೇರೆ ಕಟ್ಟಿ, ಮರಿಗಳನ್ನು ಅವುಗಳ ಹತ್ತಿರ ಬಿಡಬೇಡಿ. ಬೇರೆ ಹಿಂಡಿನವರಿಗೆ ಸಾಕಲು ಮಾರಬೇಡಿ, ಇದಕ್ಕೆ ಗುಣಪಡಿಸುವ ಔಷಧಿ ಇಲ್ಲ. ನೆರಳಿನ ನೆಲದಲ್ಲಿ ಈ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ದೊಡ್ಡಿಯ ಮೇಲಿನ ಗೊಬ್ಬರ ಕೆರೆದು ತೆಗೆದು ನೆಲಕ್ಕೆ ಬಿಸಿಲು ಬೀಳುವಂತೆ ಮಾಡಿ. ಹಿಕ್ಕೆಯನ್ನು ಸೋಮವಾರವೋ ಮಂಗಳವಾರವೋ ತೆಗೆಯಿರಿ. ಶನಿವಾರ ತೆಗೆದರೆ ಭಾನುವಾರ ಲ್ಯಾಬ್ ಬಾಗಿಲು ಹಾಕಿರುತ್ತದೆ, ನಮ್ಮ ಬಿಸಿಲಿಗೆ ಐಸ್ ಅಷ್ಟೊತ್ತು ನಿಲ್ಲುವುದಿಲ್ಲ.