ಮೂಡಿಗೆರೆ: ಮಗನ ಪಿಂಚಣಿ 4 ತಿಂಗಳಿಂದ ನಿಂತಿದೆ ಎಂದವರಿಗೆ

34 ವರ್ಷದ ಬುದ್ಧಿಮಾಂದ್ಯ ಮಗನ ಪಿಂಚಣಿ ನಿಂತಿದೆ ಅಂದರೆ, ಹೆಚ್ಚಾಗಿ ಖಾತೆಯ ಆಧಾರ್ ಜೋಡಣೆ ತಪ್ಪಿರುತ್ತದೆ. ಪಾಸ್‌ಬುಕ್ ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿ, 'ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ' ಅಂತಲೇ ಕೇಳಿ. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಈ ಖಾತೆಗೇ ಸೇರುವಂತೆ ಮಾಡುವ ಜೋಡಣೆ ಅದು. ಸುಮ್ನೆ 'ಆಧಾರ್ ಲಿಂಕ್ ಇದೆ' ಅಂದರೆ ಸಾಲದು. ಅದು ಸರಿ ಇದ್ದರೆ ಪಿಂಚಣಿ ಆದೇಶದ ಪ್ರತಿ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಹಿಡಿದು ನಾಡಕಚೇರಿಗೆ ಹೋಗಿ. ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ಅಲೆಯಬೇಡಿ ಅಮ್ಮಾ, ಈ ವಯಸ್ಸಿನಲ್ಲಿ ನಿಮ್ಮ ಸೊಂಟ ತಡೆಯುವುದಿಲ್ಲ. ಪಂಚಾಯಿತಿಯಲ್ಲಿ ವಿಕಲಚೇತನರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಮನೆಗೇ ಬರಲು ಕೇಳಿ. ನಮ್ಮ ಅಣ್ಣನ ಬೆರಳು ಮಡಚಿಕೊಂಡೇ ಇರುತ್ತದೆ. ಆಧಾರ್‌ಗೆ ಬೆರಳಚ್ಚು ಬರಲಿಲ್ಲ, ಕಣ್ಣಿನ ಸ್ಕ್ಯಾನ್‌ನಲ್ಲಿ ಆಯಿತು.

'ನಾವು ಹೋದ ಮೇಲೆ ಯಾರು' ಅಂದಿರಲ್ವಾ? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಅವನಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಮಗಳು ಪಾಲಕಿಯಾಗಲು ಒಪ್ಪಿದರೆ ಚಿಕ್ಕಮಗಳೂರಿನ ವಿಕಲಚೇತನರ ಇಲಾಖೆ ಕಚೇರಿಯಲ್ಲಿ ಈಗಲೇ ಅರ್ಜಿ ವಿಚಾರಿಸಿ.